ಮರ ಒಣಗಿರಬೇಕು, ಗಿಡ ನೆನೆಯಬೇಕು: ಗಾರ್ಡನ್ ಕ್ಲಬ್ಬಿನ ಕೈಗೆ ಬಂದ ಹಳೆಯ ಮನೆಯ ಆರೈಕೆ

ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಊರಿನಲ್ಲಿ 1891ರಲ್ಲಿ ಹನ್ನೆರಡು ಮಂದಿ ಹೆಂಗಸರು ಕೂಡಿ ‘ಲೇಡೀಸ್ ಗಾರ್ಡನ್ ಕ್ಲಬ್’ ಶುರು ಮಾಡಿದರು. ಬೈಲಾ, ಪದಾಧಿಕಾರಿಗಳು, ನಿಯಮಿತ ಸಭೆ ಎಲ್ಲವನ್ನೂ ಇಟ್ಟುಕೊಂಡು ನಡೆದ ಆ ದೇಶದ ಮೊದಲ ಗಾರ್ಡನ್ ಕ್ಲಬ್ ಎಂಬ ಹೆಸರು ಅದಕ್ಕಿದೆ. ಅವರ ನೆನಪಿಗಾಗಿ ಜಾರ್ಜಿಯಾ ವಿಶ್ವವಿದ್ಯಾಲಯದ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ವಿಭಾಗದ ಮುಖ್ಯಸ್ಥ ಹ್ಯೂಬರ್ಟ್ ಓವೆನ್ಸ್ 1939ರಿಂದ ಕ್ಯಾಂಪಸ್ಸಿನೊಳಗೆ ಎರಡೂವರೆ ಎಕರೆಯ ತೋಟ ಎಬ್ಬಿಸಿದರು. ಆ ಜಾಗದಲ್ಲಿ ಮೊದಲೇ ಇದ್ದದ್ದು 1857ರ ಒಂದು ಮನೆ. 1960ರ ದಶಕದ ಆರಂಭದಿಂದ 1990ರ ದಶಕದ ಕೊನೆಯವರೆಗೆ ಇಡೀ ರಾಜ್ಯದ ಗಾರ್ಡನ್ ಕ್ಲಬ್ ಒಕ್ಕೂಟದ ಕೇಂದ್ರ ಕಚೇರಿ ನಡೆದದ್ದು ಆ ಮನೆಯಲ್ಲೇ.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗಾರ್ಡನ್ ಕ್ಲಬ್ ಮತ್ತು ಹಳೆಯ ಮನೆಯ ಇಂಥ ಜೋಡಿಗಳು ಇನ್ನೂ ಸಿಗುತ್ತವೆ. ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್‌ನಲ್ಲಿ 1838ರ ಸುಮಾರಿನ ಕಿಲ್ಗೋರ್-ಲೂಯಿಸ್ ಮನೆಯನ್ನು 1974ರಲ್ಲಿ ಬೇರೆ ನಿವೇಶನಕ್ಕೆ ಸಾಗಿಸಿ ಉಳಿಸಿಕೊಂಡರು. ಈಗ ಅದು ಊರಿನ ಗಾರ್ಡನ್ ಕ್ಲಬ್ಬುಗಳ ಕೂಟದ ಕಚೇರಿ. ಮಿಸಿಸಿಪ್ಪಿಯ ನ್ಯಾಚೆಜ್‌ನಲ್ಲಿ ಎಲಿಕಾಟ್ ಗುಡ್ಡದ ಮೇಲಿರುವ 1798ರ ಮನೆಯನ್ನು ಅಲ್ಲಿನ ಗಾರ್ಡನ್ ಕ್ಲಬ್ 1934ರಲ್ಲಿ ಕೊಂಡು ದುರಸ್ತಿ ಮಾಡಿಸಿತು. ಗಿಡ ನೆಡುವವರ ಸಂಘಕ್ಕೆ ಮನೆ ಕಾಯುವ ಕೆಲಸ ಹೊಂದುತ್ತದೆ, ಏಕೆಂದರೆ ವಾರವಾರವೂ ಅಂಗಳಕ್ಕೆ ಬರುವವರು ಅವರು. ಸೋರುವ ಸೂರು, ಹೊಸ ಬಿರುಕು ಅವರ ಕಣ್ಣಿಗೆ ಬೇಗ ಬೀಳುತ್ತವೆ. ಆದರೆ ಮನೆಗೆ ಬರುವ ದೊಡ್ಡ ಅಪಾಯವೂ ಅದೇ ಅಂಗಳದಿಂದಲೇ. ತೋಟಕ್ಕೆ ನೀರು, ಗೊಬ್ಬರ, ಮುಚ್ಚಿಗೆ (ಮಣ್ಣಿನ ಮೇಲೆ ಹರಡುವ ಮಲ್ಚ್), ನೆರಳು ಬೇಕು. ನೂರೈವತ್ತು ವರ್ಷದ ಮರದ ಮನೆಗೆ ಈ ನಾಲ್ಕೂ ಆಗಿಬರುವುದಿಲ್ಲ. ಇವೆರಡನ್ನೂ ಒಂದೇ ನಿವೇಶನದಲ್ಲಿ ಸಂಭಾಳಿಸುವುದು ಹೇಗೆ ಎಂಬುದೇ ಇಲ್ಲಿನ ವಿಷಯ.

ಮನೆಗಳು ಕ್ಲಬ್ಬುಗಳ ಕೈಗೆ ಬಂದ ಬಗೆ

1930ರ ದಶಕದ ಆರ್ಥಿಕ ಕುಸಿತದಲ್ಲಿ ದಕ್ಷಿಣದ ಹಳೆಯ ಮನೆಗಳಿಗೆ ಬಣ್ಣ ಬಳಿಯಲೂ ದುಡ್ಡಿರಲಿಲ್ಲ. ಪಾರಂಪರಿಕ ಕಟ್ಟಡಗಳನ್ನು ದೇಶದಾದ್ಯಂತ ಪಟ್ಟಿ ಮಾಡುವ ಕೇಂದ್ರ ಕಾನೂನು ಬಂದದ್ದು 1966ರಲ್ಲಿ. ಊರಿನ ಮಟ್ಟದಲ್ಲಿ ಚಾರ್ಲ್‌ಸ್ಟನ್ 1931ರಲ್ಲೇ ಅಂಥ ನಿಯಮ ಮಾಡಿತ್ತಾದರೂ ಉಳಿದ ಊರುಗಳಲ್ಲಿ ಕೇಳುವವರಿರಲಿಲ್ಲ. ಆ ಖಾಲಿ ಜಾಗವನ್ನು ತುಂಬಿದ್ದು ಗಾರ್ಡನ್ ಕ್ಲಬ್ಬುಗಳು. ವರ್ಜೀನಿಯಾದ ಕ್ಲಬ್ 1929ರಿಂದ ‘ಗಾರ್ಡನ್ ವೀಕ್’ ನಡೆಸಿ, ಖಾಸಗಿ ಮನೆ-ತೋಟಗಳನ್ನು ಟಿಕೆಟ್ ಇಟ್ಟು ತೋರಿಸಿ, ಆ ಹಣದಲ್ಲಿ ಹಳೆಯ ತೋಟಗಳನ್ನು ದುರಸ್ತಿ ಮಾಡಿಸಿತು. ನ್ಯಾಚೆಜ್‌ನ ಹೆಂಗಸರು 1932ರಲ್ಲಿ ‘ಪಿಲ್‌ಗ್ರಿಮೇಜ್’ ಹೆಸರಿನಲ್ಲಿ ಇದೇ ದಾರಿ ಹಿಡಿದರು.

ಆ ಪ್ರವಾಸಗಳಲ್ಲಿ ಹೇಳದೆ ಬಿಟ್ಟ ಮಾತು ಬಹಳ. ಅಮೆರಿಕದ ಅಂತರ್ಯುದ್ಧಕ್ಕೆ (1861–65) ಮೊದಲಿನ ಈ ಮನೆಗಳಲ್ಲಿ ಬಹಳಷ್ಟಕ್ಕೆ ಇಟ್ಟಿಗೆ ಸುಟ್ಟವರು, ತೊಲೆ ಕೆತ್ತಿದವರು, ಅಂಗಳ ಗುಡಿಸಿದವರು ಗುಲಾಮಗಿರಿಯಲ್ಲಿದ್ದ ಆಫ್ರಿಕನ್ ಮೂಲದ ಜನ. ಹಿತ್ತಿಲಿನಲ್ಲಿ ಬೇರೆಯಾಗಿ ನಿಂತಿರುವ ಅಡುಗೆಮನೆ ಬೆಂಕಿಯ ಭಯಕ್ಕೆ ದೂರ ಕಟ್ಟಿದ್ದು ನಿಜ. ಅದೇ ಸೂರಿನ ಕೆಳಗೆ ಮಲಗಿ ಏಳುತ್ತಿದ್ದವರೂ ಇದ್ದರು. ಮನೆಯನ್ನು ಕಾಯುತ್ತೇವೆ ಎನ್ನುವ ಕ್ಲಬ್ ಆ ಹಿತ್ತಿಲ ಕಟ್ಟಡವನ್ನೂ ಮುಂಬಾಗಿಲಿನಷ್ಟೇ ಮುತುವರ್ಜಿಯಿಂದ ಕಾಯಬೇಕು. ಎಷ್ಟೋ ಕಡೆ ಅದು ಗೊಬ್ಬರದ ಚೀಲ ಪೇರಿಸುವ ಉಗ್ರಾಣವಾಗಿದೆ. ರಾಸಾಯನಿಕ ಗೊಬ್ಬರದ ಉಪ್ಪು ನೆಲದ ಇಟ್ಟಿಗೆಗೆ ಇಳಿದರೆ ಇಟ್ಟಿಗೆ ಪುಡಿಯಾಗುತ್ತದೆ. ಹಾಗಾಗಿ ಆ ಚೀಲಗಳಿಗೆ ಬೇರೆ ಶೆಡ್ ಹುಡುಕುವುದು ಮೊದಲ ಕೆಲಸ.

ನೆಲ ಬಿಟ್ಟು ನಿಂತ ಮನೆ

ದಕ್ಷಿಣದ ಮರದ ಕಾಟೇಜ್ ಸಾಮಾನ್ಯವಾಗಿ ಒಂದು ಅಥವಾ ಒಂದೂವರೆ ಅಂತಸ್ತಿನದು. ಅದಕ್ಕೆ ನಮ್ಮಲ್ಲಿಯಂತೆ ಉದ್ದಕ್ಕೆ ಹಾಯ್ದ ಕಲ್ಲಿನ ಪಾಯ ಇರುವುದಿಲ್ಲ. ಆರೆಂಟು ಅಡಿಗೊಂದರಂತೆ ಇಟ್ಟಿಗೆಯ ಮೋಟುಕಂಬಗಳು, ಅವುಗಳ ಮೇಲೆ ಸುತ್ತಲೂ ದಪ್ಪನೆಯ ಬುಡದ ತೊಲೆ, ಆ ತೊಲೆಯಿಂದ ತೊಲೆಗೆ ನೆಲದ ಜಂತೆಗಳು, ಅವುಗಳ ಮೇಲೆ ಹಲಗೆ. ನೆಲದಡಿ ಎರಡು ಮೂರು ಅಡಿ ಟೊಳ್ಳು. ಮಳೆ ಜೋರಾದರೆ ನೀರು ಅಡಿಯಲ್ಲಿ ಹರಿದುಹೋಗುತ್ತದೆ, ಸೆಕೆಗಾಲದಲ್ಲಿ ಗಾಳಿ ಆಡುತ್ತದೆ, ಗೆದ್ದಲು ಏರಿದರೆ ಬಗ್ಗಿ ನೋಡಿದರೆ ಕಾಣುತ್ತದೆ. ಈ ಮೂರು ಕೆಲಸಕ್ಕಾಗಿಯೇ ಟೊಳ್ಳನ್ನು ಬಿಟ್ಟಿರುವುದು.

ನಂತರ ಬಂದವರಿಗೆ ಈ ಟೊಳ್ಳು ಕಣ್ಣಿಗೆ ಚೆನ್ನಾಗಿ ಕಾಣಲಿಲ್ಲ. ಕಂಬಗಳ ನಡುವೆ ಇಟ್ಟಿಗೆ ತುಂಬಿದರು, ಅದರ ಮುಂದೆ ಪೊದೆ ನೆಟ್ಟರು. ಗಾಳಿ ನಿಂತಿತು, ನೆಲದಡಿಯ ಮಣ್ಣಿನ ತೇವ ಅಲ್ಲೇ ಉಳಿಯಿತು. ಮರದ ತೇವಾಂಶ ಶೇ. 20ರ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯದು, ಶೇ. 28–30 ದಾಟಿದರೆ ಅದಕ್ಕೆ ಹಬ್ಬ. ಎರಡು ಮೊಳೆಯ ಸಣ್ಣ ತೇವಮಾಪಕವನ್ನು ಬುಡದ ತೊಲೆಗೆ ಚುಚ್ಚಿ ವರ್ಷಕ್ಕೆ ಎರಡು ಸಲ, ಒಂದು ಸಲ ಬೇಸಗೆಯಲ್ಲಿ ಮತ್ತೊಂದು ಸಲ ಚಳಿಗಾಲದ ಮಳೆಯ ನಂತರ, ಒಂದೇ ಜಾಗಗಳಲ್ಲಿ ಅಳೆದು ಬರೆದಿಡಬೇಕು. ಒಂದು ಓದಿನಿಂದ ಏನೂ ತಿಳಿಯದು. ಮೂರು ವರ್ಷದ ಓದುಗಳನ್ನು ಪಕ್ಕಪಕ್ಕ ಇಟ್ಟಾಗ ಯಾವ ಮೂಲೆ ಏರುತ್ತಿದೆ ಎಂಬುದು ಕಾಣುತ್ತದೆ.

ಕಂಬಗಳ ನಡುವಿನ ಇಟ್ಟಿಗೆ ತೆಗೆಯಲಾಗದಿದ್ದರೆ ಗಾಳಿಕಂಡಿ ಬಿಡಿಸಬೇಕು. ಅಮೆರಿಕದ ಕಟ್ಟಡ ನಿಯಮದ ಪ್ರಕಾರ ನೆಲದಡಿಯ 150 ಚದರಡಿಗೆ 1 ಚದರಡಿ ಕಂಡಿ ಬೇಕು, ಪ್ರತಿ ಮೂಲೆಯ ಹತ್ತಿರವೂ ಒಂದಿರಬೇಕು. ಮಣ್ಣಿನ ಮೇಲೆ 6 ಮಿಲ್, ಅಂದರೆ 0.15 ಮಿ.ಮೀ. ದಪ್ಪದ ಪಾಲಿಥೀನ್ ಹಾಸಿದರೆ ಭೂಮಿಯಿಂದ ಏಳುವ ಆವಿ ಬಹುಪಾಲು ನಿಲ್ಲುತ್ತದೆ. ಹಾಸುವಾಗ ಅಂಚುಗಳನ್ನು ಒಂದರ ಮೇಲೊಂದು ಅರ್ಧ ಅಡಿಗಿಂತ ಹೆಚ್ಚು ಬರುವಂತೆ ಇಟ್ಟು ಟೇಪ್ ಹಚ್ಚಬೇಕು. ಹೊಸದಾಗಿ ಕಟ್ಟುವ ಮನೆಗಳಲ್ಲಿ ಜಂತೆ ಮಣ್ಣಿನಿಂದ 18 ಇಂಚು, ಅಡ್ಡತೊಲೆ 12 ಇಂಚು ಮೇಲಿರಬೇಕೆಂಬ ನಿಯಮವಿದೆ. ಹಳೆಯ ಮನೆ ಕಟ್ಟಿದಾಗ ಇದಕ್ಕಿಂತ ಹೆಚ್ಚೇ ಎತ್ತರವಿದ್ದಿರುತ್ತದೆ. ಅಂಗಳಕ್ಕೆ ವರ್ಷವರ್ಷ ಹಾಕಿದ ಗೊಬ್ಬರ, ಮರದ ತೊಗಟೆಯ ಮುಚ್ಚಿಗೆ, ಹೊಸ ಮಣ್ಣು ಎಲ್ಲ ಸೇರಿ ಹೊರಗಿನ ನೆಲ ಏರುತ್ತ ಬರುತ್ತದೆ. ಮಡಿಯ ಮೇಲೆ ವರ್ಷಕ್ಕೆ ಎರಡು ಇಂಚು ಮುಚ್ಚಿಗೆ ಎಂದರೆ, ಅದು ಕೊಳೆತು ಕುಗ್ಗಿದ ಮೇಲೂ ಮೂವತ್ತು ವರ್ಷದಲ್ಲಿ ಹೊರಗೋಡೆಯ ಹಲಗೆಯ ಕೆಳ ಅಂಚನ್ನು ಮುಟ್ಟಲು ಸಾಕು.

ಈಗ ಮಳೆಯ ಲೆಕ್ಕ. ಸಾವಿರ ಚದರಡಿ ಛಾವಣಿಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,350 ಲೀಟರ್ ನೀರು. ಅಥೆನ್ಸ್ ಸುತ್ತಮುತ್ತ ವರ್ಷಕ್ಕೆ 45 ಇಂಚಿಗೂ ಹೆಚ್ಚು ಮಳೆಯಾಗುತ್ತದೆ, ಎಂದರೆ ಅಷ್ಟೇ ಛಾವಣಿಯಿಂದ ಒಂದು ಲಕ್ಷ ಲೀಟರಿಗೂ ಮಿಗಿಲಾದ ನೀರು. ಸೂರಿನಂಚಿನ ದೋಣಿಯ (ಗಟರ್) ಇಳಿಗೊಳವೆ ಮೂಲೆಯ ಕಂಬದ ಬುಡಕ್ಕೇ ಸುರಿಯುತ್ತಿದ್ದರೆ ಆ ಕಂಬ ಕುಸಿಯುವುದು ಖಾತ್ರಿ. ನೀರನ್ನು ಗೋಡೆಯಿಂದ ಕನಿಷ್ಠ 5 ಅಡಿ, ಸಾಧ್ಯವಾದರೆ 10 ಅಡಿ ದೂರಕ್ಕೆ ಒಯ್ಯಬೇಕು. ಮನೆಯ ಸುತ್ತಲಿನ ಮೊದಲ 10 ಅಡಿ ನೆಲ ಹೊರಮುಖವಾಗಿ 6 ಇಂಚು ಇಳಿದಿರಬೇಕು. ಇಳಿಜಾರು ಬೇಕೆಂದು ಗೋಡೆಯ ಬುಡಕ್ಕೆ ಮಣ್ಣು ಏರಿಸಬಾರದು, ಹೊರಗಿನ ನೆಲವನ್ನು ತಗ್ಗಿಸಬೇಕು. ಈ ಒಂದು ವ್ಯತ್ಯಾಸ ತಿಳಿಯದ ಗುತ್ತಿಗೆದಾರರಿಂದ ಆಗಿರುವ ಹಾನಿಗೆ ಲೆಕ್ಕವಿಲ್ಲ.

ಗೆದ್ದಲು

ಸ್ಥಳೀಯ ಗೆದ್ದಲಿಗೆ ಮಣ್ಣಿನ ಸಂಪರ್ಕ ಬೇಕೇ ಬೇಕು. ಇಟ್ಟಿಗೆಯ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ನಾಳ ಕಟ್ಟಿಕೊಂಡು ಏರುತ್ತದೆ. ಎರಡನೇ ಮಹಾಯುದ್ಧದ ನಂತರ ಹಡಗಿನ ಸರಕಿನೊಡನೆ ಬಂದ ಫಾರ್ಮೋಸಾ ಗೆದ್ದಲು ಇನ್ನೂ ಕೆಟ್ಟದು. ಛಾವಣಿ ಸೋರಿ ಮರ ಸದಾ ಒದ್ದೆಯಿದ್ದರೆ ಮಣ್ಣು ಮುಟ್ಟದೆ ಗೋಡೆಯೊಳಗೇ ಗೂಡು ಕಟ್ಟಬಲ್ಲದು. ಸ್ಥಳೀಯ ಜಾತಿ ವಸಂತದಲ್ಲಿ ಹಗಲು ಹೊತ್ತು ರೆಕ್ಕೆ ಬಿಚ್ಚಿ ಹಾರುತ್ತದೆ. ಫಾರ್ಮೋಸಾದ್ದು ಮೇ-ಜೂನ್ ತಿಂಗಳ ಮುಸ್ಸಂಜೆಗೆ, ದೀಪದ ಬೆಳಕಿಗೆ ಮುತ್ತಿಕೊಂಡು. ಕಿಟಕಿಯ ಒಳಗಿನ ಅಂಚಿನಲ್ಲಿ ಉದುರಿದ ರೆಕ್ಕೆಗಳು ಕಂಡರೆ ಗುಡಿಸಿ ಎಸೆಯಬಾರದು. ಒಂದಷ್ಟನ್ನು ಬಿಳಿ ಲಕೋಟೆಯಲ್ಲಿ ಹಾಕಿ, ದಿನಾಂಕ ಮತ್ತು ಹೊತ್ತು ಬರೆದು ಕೀಟ ನಿಯಂತ್ರಣದವರಿಗೆ ತೋರಿಸಬೇಕು. ಯಾವ ಜಾತಿ ಎಂಬುದರ ಮೇಲೆ ಚಿಕಿತ್ಸೆ ಬದಲಾಗುತ್ತದೆ.

ಕಂಬದ ತಲೆಯ ಮೇಲೆ ತಗಡಿನ ಟೋಪಿ ಹಾಕಿರುವುದನ್ನು ಹಳೆಯ ಮನೆಗಳಲ್ಲಿ ನೋಡಬಹುದು. ಅದು ಗೆದ್ದಲನ್ನು ತಡೆಯುವುದಿಲ್ಲ. ತಗಡಿನ ಅಂಚನ್ನು ಸುತ್ತಿ ಬರುವಂತೆ ಮಾಡಿ ನಾಳವನ್ನು ಬಯಲಿಗೆ ತರುತ್ತದೆ ಅಷ್ಟೆ. ನೋಡುವವರಿದ್ದರೆ ಮಾತ್ರ ಅದಕ್ಕೆ ಬೆಲೆ. ಬಣ್ಣವಿಲ್ಲದ ಮರಕ್ಕೆ ಬೋರೇಟ್ (ಬೋರಾನ್ ಲವಣ) ದ್ರಾವಣ ಸಿಂಪಡಿಸಿದರೆ ಒಳ್ಳೆಯ ರಕ್ಷಣೆ ಸಿಗುತ್ತದೆ, ಆದರೆ ಮಳೆ ತಾಗುವ ಕಡೆ ತೊಳೆದುಹೋಗುತ್ತದೆ. ಹಾಗಾಗಿ ಅದು ನೆಲದಡಿಗೆ ಸರಿ, ಜಗಲಿಯ ಮೆಟ್ಟಿಲಿಗೆ ಅಲ್ಲ. ಕ್ಲಬ್ಬಿನವರು ತಪ್ಪದೆ ಪಾಲಿಸಬೇಕಾದ ಅಳತೆ ಒಂದಿದೆ: ಹಲಗೆಯ ಕೆಳ ಅಂಚಿನಿಂದ ಮಣ್ಣಿಗೆ ಕನಿಷ್ಠ 6 ಇಂಚು ಬರಿಯ ಇಟ್ಟಿಗೆ ಕಾಣುತ್ತಿರಬೇಕು.

ಕುಂಬಾದ ತೊಲೆ

ಹಳೆಯ ಮನೆಗಳ ತೊಲೆಗಳು ಬಹುತೇಕ ಲಾಂಗ್‌ಲೀಫ್ ಪೈನ್ ಮರದ ಚೇಗಿನವು. ಒಂದು ಕಾಲಕ್ಕೆ ಆಗ್ನೇಯ ಅಮೆರಿಕದಲ್ಲಿ ಸುಮಾರು 9 ಕೋಟಿ ಎಕರೆ ಹಬ್ಬಿದ್ದ ಆ ಕಾಡು ಕಡಿದು ಕಡಿದು ನೂರರಲ್ಲಿ ಮೂರು ನಾಲ್ಕು ಪಾಲಿಗೆ ಇಳಿಯಿತು. ನಿಧಾನ ಬೆಳೆದ ಮರ, ಒತ್ತೊತ್ತಾದ ಬಳೆಗಳು, ರಾಳ ತುಂಬಿದ ಚೇಗು. ಇವತ್ತು ಬಡಗಿ ಅಂಗಡಿಯಲ್ಲಿ ಸಿಗುವ ಪೈನ್ ಅದಕ್ಕೆ ಸಾಟಿಯಲ್ಲ. ಆದ್ದರಿಂದ ಹಳೆಯ ತೊಲೆಯಲ್ಲಿ ಎರಡು ಅಡಿ ಕುಂಬಾಗಿದ್ದರೆ ಇಪ್ಪತ್ತು ಅಡಿಯನ್ನೂ ಕಿತ್ತು ಎಸೆಯುವುದು ಮೂರ್ಖತನ.

ಕ್ರಮ ಹೀಗೆ. ಮೊದಲು ಸಣ್ಣ ಸ್ಕ್ರೂಡ್ರೈವರಿನಿಂದ ಚುಚ್ಚುತ್ತ ಹೋಗಿ ಗಟ್ಟಿ ಮರ ಎಲ್ಲಿಂದ ಶುರುವಾಗುತ್ತದೆ ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕು. ಗೆರೆಯ ಎರಡೂ ಕಡೆ ಗಟ್ಟಿನೆಲದ ಮೇಲೆ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ, ಜಾಕ್ ಕೊಟ್ಟು, ಭಾರವನ್ನು ತೊಲೆಯಿಂದ ಇಳಿಸಿಕೊಳ್ಳಬೇಕು. ಇಲ್ಲಿ ಅವಸರ ಮಾಡಿದರೆ ಮೇಲಿನ ಸುಣ್ಣದ ಪ್ಲಾಸ್ಟರ್ ಸೀಳುತ್ತದೆ, ಬಾಗಿಲುಗಳು ಬಿಗಿಯುತ್ತವೆ. ನುರಿತವರು ದಿನಕ್ಕೆ ಒಂದು ಇಂಚಿನ ಎಂಟನೇ ಒಂದು ಪಾಲಿಗಿಂತ ಹೆಚ್ಚು ಎತ್ತುವುದಿಲ್ಲ. ನೂರು ವರ್ಷದಿಂದ ವಾಲಿದ ಮನೆಯನ್ನು ಪೂರ್ತಿ ಸಮ ಮಾಡುವ ಹಟವೂ ಬೇಡ. ಕುಸಿತ ನಿಂತರೆ ಸಾಕು. ಆಮೇಲೆ ಕುಂಬಾದ ತುಂಡನ್ನು ಕತ್ತರಿಸಿ, ಉಳಿದ ತುದಿಯನ್ನೂ ಹೊಸ ತುಂಡಿನ ತುದಿಯನ್ನೂ ಅರ್ಧರ್ಧ ಕೆತ್ತಿ ಒಂದರ ಮೇಲೊಂದು ಕೂರಿಸಿ ಬೋಲ್ಟ್ ಹಾಕುತ್ತಾರೆ. ಈ ಕೂಡಿಕೆ ಕಂಬದ ಮೇಲೆಯೇ ಬರಬೇಕು, ಕಂಬಗಳ ನಡುವೆ ಅಲ್ಲ. ಹೊಸ ತುಂಡು ತಾಮ್ರದ ರಾಸಾಯನಿಕ ಉಣಿಸಿದ ಮರವಾದರೆ ಸಾದಾ ಮೊಳೆ, ಬೋಲ್ಟ್ ಬಳಸಬಾರದು, ಅವು ಕೆಲವೇ ವರ್ಷದಲ್ಲಿ ತಿಂದುಹೋಗುತ್ತವೆ. ದಪ್ಪ ಸತುವಿನ ಲೇಪದ್ದು ಅಥವಾ ಸ್ಟೇನ್‌ಲೆಸ್ ಸ್ಟೀಲ್ ಆಗಬೇಕು.

ಗಾರೆಗೆ ಸಿಮೆಂಟ್ ಸೇರಿದರೆ

ಹತ್ತೊಂಬತ್ತನೇ ಶತಮಾನದ ಮೊದಲ ಭಾಗದ ಇಟ್ಟಿಗೆ ಮೆದು. ಅದನ್ನು ಕೂಡಿಸಿದ್ದು ಸುಣ್ಣ-ಮರಳಿನ ಗಾರೆ. ಗೋಡೆಯೊಳಗಿನ ತೇವ ಗಾರೆಯ ಸಂದಿನಿಂದ ಹೊರಬರುತ್ತದೆ, ಲವಣ ಅಲ್ಲೇ ಹರಳಾಗುತ್ತದೆ, ಗಾರೆ ನಿಧಾನ ಸವೆಯುತ್ತದೆ. ಸವೆಯಲೆಂದೇ ಇರುವುದು ಗಾರೆ. ಐವತ್ತು ವರ್ಷಕ್ಕೊಮ್ಮೆ ಸಂದು ತುಂಬಿದರೆ ಇಟ್ಟಿಗೆ ಉಳಿಯುತ್ತದೆ. ಅದೇ ಸಂದಿಗೆ ಪೋರ್ಟ್‌ಲ್ಯಾಂಡ್ ಸಿಮೆಂಟ್ ತುಂಬಿದರೆ ದಾರಿ ಮುಚ್ಚುತ್ತದೆ. ತೇವ ಇಟ್ಟಿಗೆಯ ಮುಖದಿಂದ ಹೊರಬರುತ್ತದೆ, ಲವಣದ ಹರಳು ಇಟ್ಟಿಗೆಯೊಳಗೇ ಉಬ್ಬಿ ಮುಖ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಸಿಮೆಂಟಿನ ಚೌಕಟ್ಟು ಮಾತ್ರ ಮುಂದಕ್ಕೆ ಚಾಚಿಕೊಂಡು, ನಡುವೆ ಇಟ್ಟಿಗೆ ಒಳಗೆ ಸವೆದ ಗೋಡೆ ಕಂಡರೆ ಕಾರಣ ಇದೇ. ಕರ್ನಾಟಕದ ಹಳೆಯ ಗಾರೆ ಮನೆಗಳಿಗೆ ಸಿಮೆಂಟ್ ಪ್ಲಾಸ್ಟರ್ ಹಚ್ಚಿದ ಮೇಲೆ ಗೋಡೆಯ ಬುಡ ಉದುರುವುದೂ ಇದೇ ಕಾರಣಕ್ಕೆ.

ಸರಿಯಾದ ಕೆಲಸ ಎಂದರೆ: ಸಂದನ್ನು ಕೈ ಉಳಿಯಿಂದ ಬಿಡಿಸಬೇಕು, ಗ್ರೈಂಡರ್ ಇಟ್ಟರೆ ಇಟ್ಟಿಗೆಯ ಅಂಚು ಹೋಗುತ್ತದೆ. ಆಳ ಸಂದಿನ ಅಗಲದ ಎರಡರಿಂದ ಎರಡೂವರೆ ಪಟ್ಟು. ಪುಡಿ ತೆಗೆದು, ನೀರು ಚಿಮುಕಿಸಿ, ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಮರಳಿನ ಗಾರೆಯನ್ನು ಕಾಲು ಇಂಚಿನ ಪದರಗಳಲ್ಲಿ ಒತ್ತಬೇಕು. ಒಂದು ಪದರ ಹೆಬ್ಬೆರಳಿಗೆ ಗಟ್ಟಿಯಾದ ಮೇಲೆ ಮುಂದಿನದು. ಬಿಸಿಲಿಗೆ ಬೇಗ ಒಣಗಿದರೆ ಸುಣ್ಣ ಕಟ್ಟದೆ ಪುಡಿಯಾಗುತ್ತದೆ. ಕೆಲವು ದಿನ ಒದ್ದೆ ಗೋಣಿ ಇಳಿಬಿಡಬೇಕು. ಚಳಿ 5 ಡಿಗ್ರಿಗಿಂತ ಕೆಳಗಿಳಿಯುವ ದಿನಗಳಲ್ಲಿ ಈ ಕೆಲಸ ಹಿಡಿಯಬಾರದು.

ಇದಕ್ಕೂ ತೋಟಕ್ಕೂ ನೇರ ಸಂಬಂಧವಿದೆ. ಉದುರಿದ ಸುಣ್ಣದ ಗಾರೆ ಗೋಡೆಯ ಬುಡದ ಮಣ್ಣನ್ನು ಕ್ಷಾರವಾಗಿಸುತ್ತದೆ. ಅಜೇಲಿಯಾ ಹೂಗಿಡಕ್ಕೆ ಹುಳಿಮಣ್ಣು, ಪಿಎಚ್ 4.5ರಿಂದ 6ರೊಳಗೆ, ಬೇಕು. ಗೋಡೆಯ ಹತ್ತಿರ ನೆಟ್ಟಾಗ ಎಲೆಯ ನರ ಹಸಿರಾಗೇ ಉಳಿದು ನಡುವೆಲ್ಲ ಹಳದಿಯಾದರೆ ಅದು ರೋಗವಲ್ಲ. ಮಣ್ಣು ಕ್ಷಾರವಾಗಿ ಬೇರಿಗೆ ಕಬ್ಬಿಣ ಸಿಗುತ್ತಿಲ್ಲ ಎಂದು ಅರ್ಥ. ಗಂಧಕ ಹಾಕುತ್ತ ಕೂರುವುದಕ್ಕಿಂತ ಗಿಡವನ್ನು ಹತ್ತಡಿ ಆಚೆ ನೆಡುವುದು ಲೇಸು.

ಬಣ್ಣ, ಅದರ ಕೆಳಗಿನ ಸೀಸ

ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು ಅಮೆರಿಕ ನಿಷೇಧಿಸಿದ್ದು 1978ರಲ್ಲಿ. ಅದಕ್ಕೆ ಹಿಂದಿನ ಮನೆಯ ಹೊರಹಲಗೆಯ ಮೇಲೆ ಪದರಪದರವಾಗಿ ಸೀಸದ ಬಣ್ಣವಿದೆ ಎಂದೇ ಭಾವಿಸಿ ಕೆಲಸ ಹಿಡಿಯಬೇಕು. ಒಣಗಿದ್ದಾಗ ಉಜ್ಜುವುದು, ಬೆಂಕಿಯ ಜ್ವಾಲೆಯಿಂದ ಸುಡುವುದು ಎರಡೂ ವಿಷ. ನೀರು ಚಿಮುಕಿಸಿ ಕೆರೆದು, ನೆಲಕ್ಕೆ ಹಾಸಿದ ಪ್ಲಾಸ್ಟಿಕ್ಕಿನಲ್ಲೇ ಚಕ್ಕೆ ಹಿಡಿದು, ಸೂಕ್ಷ್ಮ ದೂಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ವ್ಯಾಕ್ಯೂಮ್‌ನಿಂದ ಎತ್ತಬೇಕು. ಪ್ರೆಶರ್ ವಾಷರ್ ಬೇಡವೇ ಬೇಡ. ಅದು ಹಲಗೆಯ ಸಂದಿನಲ್ಲಿ ನೀರು ನುಗ್ಗಿಸುತ್ತದೆ, ಸೀಸದ ಚಕ್ಕೆಯನ್ನು ಅಂಗಳಕ್ಕೆಲ್ಲ ಹರಡುತ್ತದೆ.

ನೂರು ವರ್ಷ ಉದುರಿದ ಬಣ್ಣ ಗೋಡೆಯ ಬುಡದ ಮೂರು ನಾಲ್ಕು ಅಡಿ ಮಣ್ಣಿನಲ್ಲಿ ಸೇರಿಕೊಂಡಿರುತ್ತದೆ. ಕ್ಲಬ್ಬಿನವರು ಮಕ್ಕಳಿಗೆ ತೋಟದ ಶಿಬಿರ ನಡೆಸುವಾಗ ಇದನ್ನು ಮರೆಯುವುದು ಹೆಚ್ಚು. ಗೋಡೆಯ ಬುಡದಲ್ಲಿ ಪುದೀನ, ಸೊಪ್ಪು, ತರಕಾರಿ ಬೆಳೆಯಬಾರದು. ಮಣ್ಣಿನ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿ ಸೀಸದ ಪ್ರಮಾಣ ತಿಳಿದುಕೊಳ್ಳಬೇಕು. ಆಯಾ ರಾಜ್ಯದ ವಿಶ್ವವಿದ್ಯಾಲಯದ ಕೃಷಿ ವಿಸ್ತರಣಾ ಕಚೇರಿಯಲ್ಲಿ ದಾರಿ ಕೇಳಬಹುದು.

ಬಣ್ಣ ಪದೇಪದೇ ಗುಳ್ಳೆಯೆದ್ದು ಕಿತ್ತುಬಂದರೆ ಬಣ್ಣದ ಕಂಪನಿಯನ್ನು ಬೈಯುವ ಮೊದಲು ಆ ಹಲಗೆಯ ಹಿಂದೆ ಏನಿದೆ ನೋಡಬೇಕು. ಬಚ್ಚಲ ಗೋಡೆಯೋ, ಸೋರುವ ದೋಣಿಯೋ, ಹೊರಗೆ ಒತ್ತಿಕೊಂಡ ಪೊದೆಯೋ ಇದ್ದೇ ಇರುತ್ತದೆ. ಜಗಲಿಯ ಸೂರಿನ ಒಳಮೈಗೆ ತಿಳಿನೀಲಿ ಹಚ್ಚಿದ್ದರೆ ಬದಲಿಸಬೇಡಿ. ದುಷ್ಟಶಕ್ತಿಗಳು ಒಳಬರದಂತೆ ತಡೆಯುತ್ತದೆ ಎಂಬ, ಆಗ್ನೇಯ ಕರಾವಳಿಯ ಆಫ್ರಿಕನ್ ಮೂಲದ ಗಲ್ಲಾ-ಗೀಚೀ ಜನರ ನಂಬಿಕೆಯಿಂದ ಬಂದ ಬಣ್ಣ ಅದು.

ಅಂಗಳದಲ್ಲಿ ಯಾವ ಗಿಡ, ಎಷ್ಟು ದೂರ

ಅಂತರ್ಯುದ್ಧಕ್ಕೆ ಮೊದಲು ಅನೇಕ ಮನೆಗಳ ಸುತ್ತ ಹುಲ್ಲುಹಾಸು ಇರಲಿಲ್ಲ. ಕಡ್ಡಿ ಪೊರಕೆಯಲ್ಲಿ ಗುಡಿಸಿ ಗಟ್ಟಿ ಮಾಡಿದ ಬರಿಯ ಮಣ್ಣಿನ ಅಂಗಳವಿತ್ತು. ಆಫ್ರಿಕಾ ಮೂಲದ ರೂಢಿ ಎಂದು ಅದನ್ನು ಗುರುತಿಸುತ್ತಾರೆ. ಹಾವು ಬಂದರೆ ಕಾಣುತ್ತಿತ್ತು, ಬೆಂಕಿ ಹಬ್ಬುತ್ತಿರಲಿಲ್ಲ, ಗೋಡೆಯ ಬುಡ ಒಣಗಿರುತ್ತಿತ್ತು. ಇವತ್ತು ‘ಹಳೆಯ ಕಾಲದ ತೋಟ’ ಎಂದು ತೋರಿಸುವ ಬಾಕ್ಸ್‌ವುಡ್ ಪೊದೆಯ ಅಂಚಿನ ಚೌಕಾಕಾರದ ಮಡಿಗಳಲ್ಲಿ ಎಷ್ಟೋ 1920–50ರ ನಡುವೆ ಕ್ಲಬ್ಬುಗಳೇ ಮಾಡಿದ್ದು. ಹಾಗೆಂದು ಅವನ್ನು ಕಿತ್ತೊಗೆಯಬೇಕಿಲ್ಲ. ಅಮೆರಿಕದ ಪಾರಂಪರಿಕ ಪಟ್ಟಿಗೆ ಸೇರಲು ಸಾಮಾನ್ಯವಾಗಿ 50 ವರ್ಷ ಆಗಿರಬೇಕು, ಈ ತೋಟಗಳು ಆ ಗಡಿ ದಾಟಿವೆ. ಅಥೆನ್ಸಿನಲ್ಲಿ 1857ರ ಮನೆಗೆ ಇರುವಷ್ಟೇ ಬೆಲೆ ಅದರ ಸುತ್ತಲಿನ 1940ರ ದಶಕದ ತೋಟಕ್ಕೂ ಇದೆ. ಸಂದರ್ಶಕರಿಗೆ ಎರಡರ ವಯಸ್ಸನ್ನೂ ಸರಿಯಾಗಿ ಹೇಳಿದರೆ ಆಯಿತು.

ದೂರದ ಲೆಕ್ಕ ಸುಲಭ. ಗಿಡ ಪೂರ್ತಿ ಬೆಳೆದಾಗಿನ ಅಗಲದ ಅರ್ಧಕ್ಕೆ ಎರಡು ಅಡಿ ಸೇರಿಸಿ. ಎಂಟು ಅಡಿ ಹರಡುವ ಕೆಮೀಲಿಯಾ ಗೋಡೆಯಿಂದ ಆರು ಅಡಿ ದೂರ. ಆ ಎರಡು ಅಡಿ ಮನುಷ್ಯ ನುಸುಳಿ ಹೋಗಿ ಗೆದ್ದಲು ನೋಡಲು, ಗಾಳಿ ಆಡಲು. ಮ್ಯಾಗ್ನೋಲಿಯಾ 60–80 ಅಡಿ ಬೆಳೆಯುತ್ತದೆ, ಅದರ ಚರ್ಮದಂಥ ದಪ್ಪ ಎಲೆ ಬೇಗ ಕೊಳೆಯದೆ ದೋಣಿಯನ್ನು ಕಟ್ಟಿಹಾಕುತ್ತದೆ. ಸೂರಿನ ಮೇಲೆ ಅದರ ಕೊಂಬೆ ಬರಕೂಡದು. ವಿಸ್ಟೇರಿಯಾ ಬಳ್ಳಿ ಜಗಲಿಯ ಕಂಬವನ್ನು ಹಿಚುಕಿ ತಿರುಚುತ್ತದೆ, ಐವಿಯ ಬೇರು ಗಾರೆಯ ಸಂದಿಗೆ ಇಳಿಯುತ್ತದೆ. ನೀರಿಗೆ ಹನಿ ಕೊಳವೆ ಬಳಸಿ. ಸ್ಪ್ರಿಂಕ್ಲರ್ ಹಲಗೆಗೆ ತಾಗುವಂತಿದ್ದರೆ ದಿನವೂ ಮಳೆ ಬಂದಂತೆ.

ಬಾಕ್ಸ್‌ವುಡ್ಡಿಗೆ ಈಗ ದೊಡ್ಡ ಕಂಟಕ ಬಂದಿದೆ. ಬಾಕ್ಸ್‌ವುಡ್ ಬ್ಲೈಟ್ ಎಂಬ ಶಿಲೀಂಧ್ರ ರೋಗ ಅಮೆರಿಕದಲ್ಲಿ ಮೊದಲು ಪತ್ತೆಯಾದದ್ದು 2011ರಲ್ಲಿ, ಉತ್ತರ ಕೆರೊಲಿನಾ ಮತ್ತು ಕನೆಕ್ಟಿಕಟ್‌ನಲ್ಲಿ. ಎಲೆಯ ಮೇಲೆ ಕಂದು ಚುಕ್ಕೆ, ಎಳೆಯ ಕಾಂಡದ ಮೇಲೆ ಕಪ್ಪು ಗೆರೆ, ಆಮೇಲೆ ಕೆಲವೇ ದಿನದಲ್ಲಿ ಎಲೆಯೆಲ್ಲ ಉದುರಿ ಬರಿಯ ಕಡ್ಡಿ. ಹಳೆಯ ತೋಟಗಳಲ್ಲಿ ಅಚ್ಚುಮೆಚ್ಚಿನ ‘ಇಂಗ್ಲಿಷ್ ಬಾಕ್ಸ್‌ವುಡ್’ ತಳಿಗೇ ಇದು ಅತಿ ಹೆಚ್ಚು ತಗಲುತ್ತದೆ. ಬೀಜಕಣ ಅಂಟಂಟು; ಕತ್ತರಿ, ಬೂಟು, ಬಟ್ಟೆಗೆ ಹತ್ತಿ ಸಾಗುತ್ತದೆ, ಉದುರಿದ ಎಲೆಯಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಕ್ಲಬ್ಬುಗಳಲ್ಲಿ ಇದು ನುಸುಳುವ ದಾರಿ ಒಂದು ಬಹಳ ಸಾಮಾನ್ಯ: ಸದಸ್ಯರು ಕ್ರಿಸ್‌ಮಸ್ ಮಾಲೆ ಕಟ್ಟಲು ತಮ್ಮ ಮನೆಗಳಿಂದ ಬಾಕ್ಸ್‌ವುಡ್ ಸೊಪ್ಪು ತರುತ್ತಾರೆ, ಉಳಿದದ್ದನ್ನು ತೋಟದ ಗೊಬ್ಬರದ ಗುಂಡಿಗೆ ಹಾಕುತ್ತಾರೆ. ಹೊರಗಿನ ಸೊಪ್ಪು ಒಳಗೆ ಬರಬಾರದು, ಬಂದರೆ ಚೀಲ ಕಟ್ಟಿ ಕಸಕ್ಕೆ ಹೋಗಬೇಕು. ಸವರುವುದು ಒಣ ಹವೆಯಲ್ಲಿ ಮಾತ್ರ, ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮೊದಲು ಕತ್ತರಿಗೆ ಶೇ. 70ರ ಆಲ್ಕೋಹಾಲ್. ಹೊಸ ಗಿಡ ತಂದರೆ ಹಳೆಯ ಸಾಲಿನಿಂದ ದೂರ ಕುಂಡದಲ್ಲಿಟ್ಟು ಕೆಲವು ವಾರ ಕಾದು ನೋಡಿ ನೆಡಬೇಕು.

ಸಭೆ, ಮದುವೆ, ಏಸಿ

ವಾಸದ ಮನೆಯ ನೆಲವನ್ನು ಚದರಡಿಗೆ 40 ಪೌಂಡ್, ಎಂದರೆ ಸುಮಾರು 18 ಕಿಲೋ ಭಾರಕ್ಕೆ ಲೆಕ್ಕ ಹಾಕುತ್ತಾರೆ. ಜನ ಸೇರುವ ಸಭಾಂಗಣಕ್ಕೆ 100 ಪೌಂಡ್, ಸುಮಾರು 45 ಕಿಲೋ. ಮನೆ ಕಚೇರಿಯಾದಾಗ, ಬಾಡಿಗೆಗೆ ಮದುವೆ ಒಪ್ಪಿಕೊಂಡಾಗ ಈ ವ್ಯತ್ಯಾಸ ನೆಲದಡಿ ತೋರುತ್ತದೆ. ಹಲಗೆ ಕೀಳದೆ ಸರಿಪಡಿಸಬಹುದು: ಜಂತೆಗಳ ನಡುಮಧ್ಯಕ್ಕೆ ಕೆಳಗಿನಿಂದ ಹೊಸ ಅಡ್ಡತೊಲೆ, ಅದಕ್ಕೆ ಹೊಸ ಕಂಬ. ಮುಂದೆ ಬೇಡವೆಂದರೆ ತೆಗೆಯಲೂ ಬರುತ್ತದೆ. ಹಳೆಯ ಕಟ್ಟಡದಲ್ಲಿ ಏನು ಸೇರಿಸಿದರೂ ಹೀಗೆ ಹಿಂತೆಗೆಯುವಂತಿರಬೇಕು.

ಗಾಲಿಕುರ್ಚಿಯ ಇಳಿಜಾರಿಗೂ ಇದೇ ಮಾತು. ಒಂದು ಇಂಚು ಎತ್ತರಕ್ಕೆ 12 ಇಂಚು ಉದ್ದ ಎಂಬುದು ನಿಯಮ. ನೆಲ 30 ಇಂಚು ಮೇಲಿದ್ದರೆ 30 ಅಡಿ ಇಳಿಜಾರು, ಮೇಲೊಂದು ಕೆಳಗೊಂದು 5 ಅಡಿಯ ಸಮತಟ್ಟು, ಒಟ್ಟು 40 ಅಡಿ. ಇದನ್ನು ಮುಂಬಾಗಿಲಿಗೆ ಸಿಕ್ಕಿಸುವ ಬದಲು ಪಕ್ಕದ ಅಥವಾ ಹಿಂದಿನ ಜಗಲಿಗೆ, ಗೋಡೆಗೆ ಮೊಳೆ ಹೊಡೆಯದೆ, ತನ್ನದೇ ಕಾಲಿನ ಮೇಲೆ ನಿಲ್ಲುವಂತೆ ಕಟ್ಟಿ, ದಾರಿಯನ್ನು ತೋಟದ ನಡುವಿನಿಂದ ತಂದರೆ ಅದೇ ಎಲ್ಲರೂ ಬಯಸಿ ನಡೆಯುವ ದಾರಿಯಾಗುತ್ತದೆ.

ಏಸಿಯಿಂದ ಆಗುವ ಹಾನಿ ಮೇಲೆ ನಿಂತವರಿಗೆ ಕಾಣುವುದೇ ಇಲ್ಲ. ದಕ್ಷಿಣದ ಬೇಸಗೆಯಲ್ಲಿ ಹೊರಗಿನ ಗಾಳಿ 21 ಡಿಗ್ರಿಗೂ ಹೆಚ್ಚಿನ ಉಷ್ಣತೆಯಲ್ಲೇ ಇಬ್ಬನಿಯಾಗುವಷ್ಟು ತೇವ ಹೊತ್ತಿರುತ್ತದೆ. ಮದುವೆಯ ದಿನ ಒಳಗೆ 19–20 ಡಿಗ್ರಿಗೆ ಇಳಿಸಿದರೆ ನೆಲದ ಹಲಗೆಯ ಅಡಿಮೈ ತಣ್ಣಗಾಗಿ, ಟೊಳ್ಳಿನ ಬಿಸಿಗಾಳಿ ತಾಗಿ ಬೆವರುತ್ತದೆ. ಒಂದು ದಿನವಾದರೆ ಚಿಂತೆಯಿಲ್ಲ. ಬೇಸಗೆಯಿಡೀ ಹೀಗೇ ನಡೆದರೆ ಹಲಗೆ ಬಟ್ಟಲಿನಂತೆ ಬಾಗುತ್ತದೆ, ಬೂಷ್ಟು ಹಿಡಿಯುತ್ತದೆ. 24–25 ಡಿಗ್ರಿಯ ಕೆಳಗೆ ಇಳಿಸದಂತೆ ಥರ್ಮೋಸ್ಟಾಟಿಗೆ ಬೀಗ ಹಾಕುವುದು ಒಳ್ಳೆಯದು.

ಕಾಗದ, ದುಡ್ಡು, ಕಡತ

ರಾಷ್ಟ್ರೀಯ ಪಾರಂಪರಿಕ ಪಟ್ಟಿಗೆ ಸೇರಿದ ಮಾತ್ರಕ್ಕೆ ಮನೆ ಸುರಕ್ಷಿತ ಎಂದು ಅನೇಕರು ನಂಬಿದ್ದಾರೆ. ಖಾಸಗಿ ಮಾಲೀಕ ತನ್ನ ದುಡ್ಡಿನಲ್ಲಿ ಅದನ್ನು ಕೆಡವಿದರೆ ಆ ಪಟ್ಟಿ ತಡೆಯುವುದಿಲ್ಲ. ತಡೆಯುವ ಬಲವಿರುವುದು ನಗರದ ಪಾರಂಪರಿಕ ನಿಯಮಕ್ಕೆ, ಇಲ್ಲವೇ ಸಂರಕ್ಷಣಾ ಈಸ್‌ಮೆಂಟ್ ಎಂಬ ಕರಾರಿಗೆ. ಈ ಕರಾರು ಆಸ್ತಿಯ ಪತ್ರಕ್ಕೇ ಅಂಟಿಕೊಳ್ಳುವುದರಿಂದ ಮುಂದೆ ಯಾರು ಕೊಂಡರೂ ಅವರನ್ನು ಕಟ್ಟಿಹಾಕುತ್ತದೆ. ದುರಸ್ತಿ ವೆಚ್ಚದ ಮೇಲಿನ ಶೇ. 20ರ ಕೇಂದ್ರ ತೆರಿಗೆ ರಿಯಾಯಿತಿ ಆದಾಯ ತರುವ ಕಟ್ಟಡಗಳಿಗೆ ಮಾತ್ರ. ತೆರಿಗೆಯನ್ನೇ ಕಟ್ಟದ ಲಾಭರಹಿತ ಕ್ಲಬ್ಬಿಗೆ ಅದರಿಂದ ನೇರ ಉಪಯೋಗವಿಲ್ಲ. ಬರೀ ಸಾಮಾಜಿಕ ಕ್ಲಬ್ ಎಂದು ನೋಂದಾಯಿಸಿಕೊಂಡಿದ್ದರೆ ದಾನಿಗಳಿಗೂ ತೆರಿಗೆ ವಿನಾಯಿತಿ ಸಿಗದು. ಮನೆಗಾಗಿಯೇ ಬೇರೆ ದತ್ತಿ ಪ್ರತಿಷ್ಠಾನ ಮಾಡಿಕೊಳ್ಳುವುದು ಈ ಕಾರಣಕ್ಕೆ. ನಿರ್ವಹಣೆಗೆ ವರ್ಷಕ್ಕೆ ಕಟ್ಟಡದ ಮರುನಿರ್ಮಾಣ ವೆಚ್ಚದ ಶೇ. 2ರಿಂದ 4 ಎತ್ತಿಡಬೇಕು ಎಂಬುದು ಸಾರ್ವಜನಿಕ ಕಟ್ಟಡಗಳಿಗೆ ಹಾಕಿಕೊಟ್ಟ ಅಳತೆ. ಗಿಡ ಮಾರಾಟ ಮತ್ತು ಬಾಡಿಗೆ ಮಾತ್ರ ನೆಚ್ಚಿಕೊಂಡರೆ ಇಷ್ಟು ಹುಟ್ಟುವುದು ಕಷ್ಟ.

ಕ್ಲಬ್ಬಿನ ಪದಾಧಿಕಾರಿಗಳು ಒಂದೆರಡು ವರ್ಷಕ್ಕೆ ಬದಲಾಗುತ್ತಾರೆ, ಮನೆಯ ಬಗೆಗಿನ ತಿಳಿವಳಿಕೆ ಅವರೊಡನೆ ಹೊರಟುಹೋಗುತ್ತದೆ. ನ್ಯಾಚೆಜ್‌ನ ಎಲಿಕಾಟ್ ಗುಡ್ಡದ ಮನೆಯನ್ನು ಬಹುಕಾಲ ‘ಕಾನ್ಲೀಸ್ ಟ್ಯಾವರ್ನ್’ ಎಂಬ ಹಳೆಯ ಹೋಟೆಲು ಎಂದೇ ತೋರಿಸುತ್ತಿದ್ದರು. ಆ ಗುರುತು ತಪ್ಪೆಂದು ದಾಖಲೆ ಹುಡುಕಿದ ಮೇಲೆ ಗೊತ್ತಾಗಿ ಹೆಸರು ಬದಲಾಯಿತು. ಆದ್ದರಿಂದ ಮನೆಗೊಂದು ಕಡತ ಇರಲಿ. 1933ರಲ್ಲಿ ಶುರುವಾದ ಸರ್ಕಾರಿ ಕಟ್ಟಡ ಸಮೀಕ್ಷೆಯಲ್ಲಿ ನಿಮ್ಮ ಮನೆಯ ನಕ್ಷೆಯಿದ್ದರೆ ಲೈಬ್ರರಿ ಆಫ್ ಕಾಂಗ್ರೆಸ್ಸಿನಿಂದ ಉಚಿತವಾಗಿ ಇಳಿಸಿಕೊಂಡು ಮೊದಲ ಪುಟಕ್ಕೆ ಸೇರಿಸಿ. ಆಮೇಲೆ ತೇವಮಾಪಕದ ಓದುಗಳು, ಗೆದ್ದಲು ತಪಾಸಣೆಯ ವರದಿ, ಬಳಸಿದ ಗಾರೆಯ ಪಾಲು ಮತ್ತು ಮರಳು ತಂದ ಜಾಗ, ಬಣ್ಣದ ನಂಬರು, ನೆಟ್ಟ ಪ್ರತಿ ಗಿಡದ ತಳಿ ಮತ್ತು ತಾರೀಖು, ವರ್ಷಕ್ಕೊಮ್ಮೆ ಒಂದೇ ಜಾಗದಿಂದ ತೆಗೆದ ನಾಲ್ಕೂ ಮುಖದ ಫೋಟೊ. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೆ ಸೂರಿನಡಿ.